ಆಕ್ಸೊಲಾಟಲ್ 400 ಮೊಟ್ಟೆ ಇಟ್ಟಿದೆ, ಎಲ್ಲವನ್ನೂ ಸಾಕಬಹುದಾ?

ಪ್ರಶ್ನೆ: ಎರಡು ವರ್ಷದ ಹಿಂದೆ ಎರಡು ಆಕ್ಸೊಲಾಟಲ್ (ನೀರಿನಲ್ಲೇ ಬಾಳುವ, ಕಪ್ಪೆಯ ಹಾಗೆ ಉಭಯಚರವಾದ ಮೆಕ್ಸಿಕೊದ ಸ್ಯಾಲಮಾಂಡರ್) ಮರಿ ತಂದೆ. ಒಂದು ಬಿಳಿ, ಕಣ್ಣು ಮಾತ್ರ ಕಪ್ಪು. ಇನ್ನೊಂದು ಪೂರ್ತಿ ಕಪ್ಪು. ಒಂದೇ ತಾಯಿಯ ಮರಿಗಳು, ಎರಡೂ ಹೆಣ್ಣು ಅಂತ ಹೇಳಿ ಕೊಟ್ಟಿದ್ದರು. ಮೂರು ದಿನದ ಹಿಂದೆ ಬೆಳಗ್ಗೆ ಎದ್ದು ನೋಡಿದರೆ ಗಿಡದ ಎಲೆ, ಫಿಲ್ಟರ್ ಪೈಪು, ಗಾಜು, ಎಲ್ಲ ಕಡೆ ಗಾಜಿನ ಮಣಿಯಂಥ ಮೊಟ್ಟೆಗಳು ಅಂಟಿದ್ದವು. ಎಣಿಸಲು ಹೋಗಿ 400 ದಾಟಿದ ಮೇಲೆ ಬಿಟ್ಟುಬಿಟ್ಟೆ. ತಾಯಿ ಬಿಳಿ, ಆದರೆ ಮೊಟ್ಟೆಯ ಒಳಗೆ ಕಪ್ಪು ಚುಕ್ಕಿ. ಅದರಲ್ಲೂ ಕೆಲವು ಈಗ ಬೆಳ್ಳಗಾಗುತ್ತಿವೆ. ಕಪ್ಪಗಿರುವುದು ಗಂಡು ಅಂತ ಈಗ ಗೊತ್ತಾಯಿತು, ಅದು ಇನ್ನೂ ಬಿಳಿಯದರ ಹಿಂದೆಯೇ ಸುತ್ತುತ್ತಿದೆ. ಇದು ಅಳಿವಿನ ಅಂಚಿನಲ್ಲಿರುವ ಪ್ರಾಣಿ ಅಂತ ಓದಿದ್ದೇನೆ. ಒಂದು ಮೊಟ್ಟೆಯನ್ನೂ ಎಸೆಯಲು ಮನಸ್ಸು ಬರುತ್ತಿಲ್ಲ. ಎಲ್ಲವನ್ನೂ ಸಾಕಬಹುದಾ? ಮರಿಗಳು ಒಂದನ್ನೊಂದು ಕಚ್ಚಿದರೂ ಕೈಕಾಲು ಮತ್ತೆ ಬೆಳೆಯುತ್ತದೆ, ಚಿಂತೆ ಬೇಡ ಅಂತ ಗೆಳೆಯರೊಬ್ಬರು ಹೇಳಿದರು. ನೀರಿಗೆ ಅಯೋಡಿನ್ ಹಾಕಿದರೆ ನೆಲದ ಮೇಲೆ ಓಡಾಡುವ ಹಾಗೆ ಮಾಡಬಹುದು ಅಂತಲೂ ಹೇಳಿದರು. ಹೆಚ್ಚಾದ ಮರಿಗಳನ್ನು ಕೆರೆಗೆ ಬಿಟ್ಟರೆ ಆಗುತ್ತದಾ?

ಉತ್ತರ: ಮೊದಲು ಒಂದು ಕೆಲಸ ಮಾಡಿ, ಮಿಕ್ಕಿದ್ದನ್ನು ಆಮೇಲೆ ಓದಿ. ಗಂಡನ್ನು ಇವತ್ತೇ ಬೇರೆ ಕಡೆ ಹಾಕಿ. ಇನ್ನೊಂದು ಟ್ಯಾಂಕ್ ಇಲ್ಲದಿದ್ದರೆ ದೊಡ್ಡ ಪ್ಲಾಸ್ಟಿಕ್ ಟಬ್ ಸಾಕು. ನೀರಿನಲ್ಲಿ ಕ್ಲೋರಿನ್ ಇರಬಾರದು, ಈಗಿನ ಟ್ಯಾಂಕಿನಷ್ಟೇ ತಂಪಾಗಿರಬೇಕು, ದಿನಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಹೊಸ ಟ್ಯಾಂಕ್ ಸಿದ್ಧವಾಗುವವರೆಗೆ ಅದು ಅಲ್ಲೇ ಇರಲಿ.

ಯಾಕಿಷ್ಟು ಅವಸರ ಅಂದರೆ, ಗಂಡಿಗೆ ಬಿಡುವು ಬೇಕಿಲ್ಲ, ಹೆಣ್ಣಿಗೆ ಬೇಕು. ಒಂದು ಸಲಕ್ಕೆ 100ರಿಂದ 1000ದವರೆಗೆ ಮೊಟ್ಟೆ ಇಡುವ ಜೀವ ಅದು. ಅಷ್ಟಕ್ಕೂ ಬೇಕಾದ ಸತ್ವ ತಾಯಿಯ ಮೈಯಿಂದಲೇ ಹೋಗಿರುತ್ತದೆ. ಜೊತೆಯಲ್ಲೇ ಬಿಟ್ಟರೆ ಅದು ಸುಧಾರಿಸಿಕೊಳ್ಳುವ ಮೊದಲೇ ಮತ್ತೊಂದು ಸುತ್ತು ಮೊಟ್ಟೆ ಇಡುತ್ತದೆ. ಹೀಗೆ ಸೊರಗಿ ಸೊರಗಿ ಕೊನೆಗೆ ನನ್ನ ಹತ್ತಿರ ಬರುವ ಹೆಣ್ಣುಗಳು ಕಡಿಮೆ ಏನಿಲ್ಲ. ಮೇಲಿನಿಂದ ನೋಡಿದರೆ ತಲೆ ಅಗಲ, ಮೈ ಮಾತ್ರ ಪೆನ್ಸಿಲ್ ಹಾಗೆ. ಆರೋಗ್ಯವಾಗಿರುವ ಆಕ್ಸೊಲಾಟಲ್‌ನ ಹೊಟ್ಟೆ ಹೆಚ್ಚುಕಡಿಮೆ ಅದರ ತಲೆಯಷ್ಟೇ ಅಗಲ ಇರಬೇಕು. ನಿಮ್ಮ ಹೆಣ್ಣನ್ನೂ ಒಮ್ಮೆ ಹೀಗೆ ಮೇಲಿನಿಂದ ನೋಡಿ. ಸಣ್ಣಗಾಗಿದ್ದರೆ ದಿನಾ ಎರೆಹುಳು ಕೊಡಿ, ಅದಕ್ಕಿಂತ ಒಳ್ಳೆಯ ಆಹಾರ ಇಲ್ಲ. ಕನಿಷ್ಠ ಆರು ತಿಂಗಳು ಗಂಡು ಹತ್ತಿರ ಸುಳಿಯಬಾರದು. ನನ್ನನ್ನು ಕೇಳಿದರೆ ಅವೆರಡನ್ನು ಮತ್ತೆ ಜೊತೆಗೆ ಬಿಡಲೇಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಕೊಟ್ಟವರು ಮೋಸ ಮಾಡಿದರು ಅಂದುಕೊಳ್ಳಬೇಡಿ. ಎಳೆಯ ಆಕ್ಸೊಲಾಟಲ್ ಗಂಡೋ ಹೆಣ್ಣೋ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. ಹೆಚ್ಚುಕಡಿಮೆ ಒಂದು ವರ್ಷ ತುಂಬುವ ಹೊತ್ತಿಗೆ ಗಂಡಿನ ಬಾಲದ ಬುಡದಲ್ಲಿ, ಹಿಂಗಾಲಿನ ಹಿಂದೆ, ಎರಡೂ ಬದಿ ಉಬ್ಬಿಕೊಳ್ಳುತ್ತದೆ. ಹೆಣ್ಣಿಗೆ ಅಲ್ಲಿ ಸಪಾಟಾಗಿರುತ್ತದೆ. ಮೊಟ್ಟೆ ಸಿಗುವ ಹಿಂದಿನ ದಿನ ಟ್ಯಾಂಕಿನ ತಳದಲ್ಲಿ ಬಿಳಿ ತುದಿಯ ಸಣ್ಣ ಜೆಲ್ಲಿ ಗೋಪುರಗಳು ಕಂಡಿರಬೇಕು, ನೆನಪು ಮಾಡಿಕೊಳ್ಳಿ. ಗಂಡು ವೀರ್ಯವನ್ನು ಹಾಗೆ ತಳಕ್ಕೆ ಅಂಟಿಸಿ ಮುಂದೆ ಹೋಗುತ್ತದೆ, ಹೆಣ್ಣು ಹಿಂದೆಯೇ ಬಂದು ಅದನ್ನು ಒಳಗೆ ತೆಗೆದುಕೊಳ್ಳುತ್ತದೆ. ಒಂದೆರಡು ದಿನದಲ್ಲಿ ಮೊಟ್ಟೆ.

ಕಾಡಿನ ಆಕ್ಸೊಲಾಟಲ್ ಬೇರೆ, ನಿಮ್ಮ ಮನೆಯದು ಬೇರೆ

ನೀವು ಕೇಳಿದ್ದು ಹಲವು ಪ್ರಶ್ನೆ. ಆದರೆ ಅಳಿದು ಹೋಗುತ್ತಿರುವ ಪ್ರಾಣಿಯ ಮೊಟ್ಟೆ ನನ್ನ ಕೈಯಲ್ಲಿ ಹಾಳಾದರೆ ಪಾಪ ಅಲ್ವಾ ಅನ್ನುವ ಸಂಕಟ ಎಲ್ಲದರ ಅಡಿಯಲ್ಲೂ ಇದೆ. ಅದನ್ನೇ ಮೊದಲು ತೆಗೆದುಕೊಳ್ಳೋಣ.

ನೀವು ಓದಿದ್ದು ನಿಜ. ಕಾಡಿನ ಆಕ್ಸೊಲಾಟಲ್‌ಗೆ ಈಗ ಉಳಿದಿರುವ ನೆಲೆ ಮೆಕ್ಸಿಕೊ ನಗರದ ದಕ್ಷಿಣಕ್ಕಿರುವ ಶೋಚಿಮಿಲ್ಕೊ ಕಾಲುವೆಗಳು. ಅಲ್ಲಿ 1998ರಲ್ಲಿ ಲೆಕ್ಕ ಹಾಕಿದಾಗ ಒಂದು ಚದರ ಕಿಲೋಮೀಟರಿಗೆ ಸುಮಾರು 6000 ಇದ್ದವು. 2014ರ ಲೆಕ್ಕದಲ್ಲಿ ಸಿಕ್ಕಿದ್ದು 36. ನಗರದ ಕೊಳಕು ನೀರು ಒಂದು ಕಾರಣ. ಜನರ ಹೊಟ್ಟೆಗಾಗಲಿ ಎಂದು ತಂದು ಬಿಟ್ಟ ತಿಲಾಪಿಯಾ, ಕಾರ್ಪ್ ಮೀನುಗಳು ಮೊಟ್ಟೆ ಮರಿಗಳನ್ನು ತಿಂದು ಮುಗಿಸಿದ್ದು ಇನ್ನೊಂದು.

ಆದರೆ ನಿಮ್ಮ ಟ್ಯಾಂಕಿನಲ್ಲಿರುವುದು ಆ ಕಾಲುವೆಯ ಪ್ರಾಣಿ ಅಲ್ಲ. 1860ರ ದಶಕದಲ್ಲಿ ಮೆಕ್ಸಿಕೊದಿಂದ 34 ಆಕ್ಸೊಲಾಟಲ್‌ಗಳನ್ನು ಪ್ಯಾರಿಸ್‌ಗೆ ಒಯ್ದರು. 1864ರಲ್ಲಿ ಅವುಗಳಲ್ಲಿ ಆರು ಓಗುಸ್ಟ್ ಡುಮೆರಿಲ್ ಎಂಬ ಪ್ರಾಣಿಶಾಸ್ತ್ರಜ್ಞರ ಕೈ ಸೇರಿದವು. ಐದು ಗಂಡು, ಒಂದೇ ಹೆಣ್ಣು. ಮುಂದಿನ ವರ್ಷ ಅದು ಮೊಟ್ಟೆ ಇಟ್ಟಿತು. ಅಲ್ಲಿಂದ ಮರಿಗಳು ಒಂದು ಪ್ರಯೋಗಾಲಯದಿಂದ ಇನ್ನೊಂದಕ್ಕೆ ಹೋದವು, ಕೊನೆಗೆ ಮನೆಗಳಿಗೂ ಬಂದವು. ಇವತ್ತು ಜಗತ್ತಿನಲ್ಲಿ ಸಾಕುವ ಆಕ್ಸೊಲಾಟಲ್‌ಗಳಲ್ಲಿ ಬಹುಪಾಲಿಗೆ ಆ ಗುಂಪೇ ಮೂಲ. 1962ರಲ್ಲಿ ಅಮೆರಿಕದ ಹಂಫ್ರಿ ಎಂಬ ವಿಜ್ಞಾನಿ ಟೈಗರ್ ಸ್ಯಾಲಮಾಂಡರ್ ಎಂಬ ಹತ್ತಿರದ ಸಂಬಂಧಿಯ ಜೊತೆ ಕೂಡಿಸಿದ್ದರಿಂದ ಅದರ ರಕ್ತವೂ ಇವುಗಳಲ್ಲಿ ಬೆರೆತಿದೆ. ಕಪ್ಪು ಬಣ್ಣ ತಯಾರಿಸಲಾಗದ, ಕೆಂಪು ಕಣ್ಣಿನ ಆಲ್ಬಿನೊ ಬಂದದ್ದೇ ಹಾಗೆ.

ಹಾಗಾಗಿ ಮನೆಯಲ್ಲಿ 400 ಮರಿ ಬೆಳೆಸಿದರೂ ಶೋಚಿಮಿಲ್ಕೊದಲ್ಲಿ ಒಂದು ಪ್ರಾಣಿಯೂ ಹೆಚ್ಚಾಗುವುದಿಲ್ಲ. ಇದನ್ನು ಬೇಸರದಿಂದ ಕೇಳಬೇಡಿ. ನಿಮ್ಮ ತಲೆಯ ಮೇಲಿನ ಒಂದು ಭಾರ ಇಳಿಯಲಿ ಅಂತ ಹೇಳುತ್ತಿದ್ದೇನೆ. ನಿಮ್ಮ ಹೊಣೆ ಇರುವುದು ನೀವು ಹುಟ್ಟಲು ಬಿಡುವ ಒಂದೊಂದು ಮರಿಯ ಮೇಲೆ. ಅದು ಚೆನ್ನಾಗಿ ಬಾಳಿದರೆ 10ರಿಂದ 15 ವರ್ಷ ಬದುಕುತ್ತದೆ.

ತಾಯಿ ಬಿಳಿ, ಮೊಟ್ಟೆ ಕಪ್ಪು: ಅದರಲ್ಲೇ ಒಂದು ಎಚ್ಚರಿಕೆ ಇದೆ

ಮೊಟ್ಟೆ ಕಪ್ಪಾಗಿರುವುದು ಸರಿಯಾಗಿಯೇ ಇದೆ. ನಿಮ್ಮ ಹೆಣ್ಣಿನ ಕಣ್ಣು ಕಪ್ಪು ಅಂದಿರಲ್ವಾ? ಅಂದರೆ ಅದು ಲ್ಯೂಸಿಸ್ಟಿಕ್ ಅನ್ನುವ ಬಗೆ. ಬಣ್ಣ ತಯಾರಿಸುವ ಶಕ್ತಿ ಅದರ ಮೈಗೆ ಇದೆ. ಆದರೆ ಬೆಳೆಯುವಾಗ ಬಣ್ಣದ ಕಣಗಳು ಚರ್ಮದ ಮೇಲೆಲ್ಲ ಹರಡಿಕೊಳ್ಳುವುದಿಲ್ಲ. ಅದಕ್ಕೇ ಮೈ ಬಿಳಿ, ಕಣ್ಣು ಕಪ್ಪು, ಮೊಟ್ಟೆಯೂ ಕಪ್ಪು. ಆಲ್ಬಿನೊ ತಾಯಿ ಆಗಿದ್ದರೆ ಮೊಟ್ಟೆಯೇ ಬೆಳ್ಳಗಿರುತ್ತಿತ್ತು. ಅಂಥ ಮೊಟ್ಟೆಗಳನ್ನು ಕೆಟ್ಟಿವೆ ಅಂದುಕೊಂಡು ಎಸೆದವರನ್ನೂ ನೋಡಿದ್ದೇನೆ. ನಿಮ್ಮಲ್ಲಿ ಕಪ್ಪಾಗಿದ್ದು ಈಗ ಬೆಳ್ಳಗಾಗುತ್ತಿರುವ ಮೊಟ್ಟೆಗಳ ಕಥೆ ಬೇರೆ, ಅವು ಫಲಿಸಿಲ್ಲ ಅಥವಾ ಸತ್ತಿವೆ.

ಈ ಬಿಳಿ ಬಣ್ಣ ಬರಬೇಕಾದರೆ ಅದರ ಜೀನ್ ತಂದೆ ತಾಯಿ ಇಬ್ಬರಿಂದಲೂ ಬರಬೇಕು. ಒಬ್ಬರಿಂದ ಮಾತ್ರ ಬಂದರೆ ಮರಿ ಕಪ್ಪಾಗಿಯೇ ಕಾಣುತ್ತದೆ, ಜೀನ್ ಒಳಗೆ ಅಡಗಿ ಕೂತಿರುತ್ತದೆ. ನಿಮ್ಮ ಗಂಡು ಆ ಬಿಳಿ ಹೆಣ್ಣಿನ ಒಡಹುಟ್ಟು. ಆದ್ದರಿಂದ ಅದರೊಳಗೂ ಬಿಳಿಯ ಜೀನ್ ಅಡಗಿರುವ ಸಾಧ್ಯತೆ ಜಾಸ್ತಿ. ಹಾಗಿದ್ದರೆ ಮರಿಗಳಲ್ಲಿ ಸುಮಾರು ಅರ್ಧ ಬಿಳಿ ಆಗುತ್ತವೆ. ಕೇಳಲು ಚೆನ್ನಾಗಿದೆ. ಆದರೆ ಇದೇ ದಾರಿಯಲ್ಲಿ ಕೆಟ್ಟ ಜೀನ್‌ಗಳೂ ಬರುತ್ತವೆ.

ಆಕ್ಸೊಲಾಟಲ್‌ಗಳಲ್ಲಿ ಹೀಗೆ ಅಡಗಿ ಕೂರುವ ಕೆಟ್ಟ ಜೀನ್‌ಗಳು ಹಲವು ಇವೆ. ಒಂದರಲ್ಲಿ ಹೃದಯ ರೂಪುಗೊಳ್ಳುತ್ತದೆ, ಬಡಿಯುವುದಿಲ್ಲ. ಅಂಥ ಮರಿ ಮೊಟ್ಟೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಹೊರಬರುವ ಹೊತ್ತಿಗೆ ಮೈಯಲ್ಲಿ ನೀರು ತುಂಬಿ ಊದಿಕೊಳ್ಳುತ್ತದೆ, ಕೆಲವೇ ದಿನದಲ್ಲಿ ಸಾಯುತ್ತದೆ. ಇನ್ನೊಂದರಲ್ಲಿ ಬೆರಳುಗಳು ಮೊಂಡಾಗಿರುತ್ತವೆ. ನೋಡಿದವರು ಬರೀ ಬೆರಳಿನ ದೋಷ ಅಂದುಕೊಳ್ಳುತ್ತಾರೆ. ಅದೇ ಜೀನ್ ಮೂತ್ರಪಿಂಡವನ್ನೂ ಕೆಡಿಸಿರುತ್ತದೆ, ಮರಿ ದೊಡ್ಡದಾಗುವ ಮೊದಲೇ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಹೋಗುತ್ತದೆ. ತಂದೆ ತಾಯಿ ಇಬ್ಬರಲ್ಲೂ ಇಂಥ ಒಂದು ಜೀನ್ ಅಡಗಿದ್ದರೆ ನಾಲ್ಕರಲ್ಲಿ ಒಂದು ಮರಿಗೆ ಅದು ಬರುತ್ತದೆ. ಒಡಹುಟ್ಟುಗಳಲ್ಲಿ ಒಂದೇ ಜೀನ್ ಇಬ್ಬರಲ್ಲೂ ಇರುವ ಸಾಧ್ಯತೆ ಹೊರಗಿನ ಜೋಡಿಗಿಂತ ಎಷ್ಟೋ ಜಾಸ್ತಿ.

‘ಎಲ್ಲ ಆಕ್ಸೊಲಾಟಲ್‌ಗಳೂ ಹೇಗೂ ಒಂದೇ ವಂಶ, ಒಡಹುಟ್ಟು ಆದರೇನು’ ಅನ್ನುವ ಮಾತು ಸಾಕುವವರಲ್ಲಿ ಓಡಾಡುತ್ತದೆ. ನನಗೆ ಅದು ಒಪ್ಪಿಗೆ ಇಲ್ಲ. ಮೊದಲೇ ಇಕ್ಕಟ್ಟಾದ ವಂಶ ಅಂದ ಮೇಲೆ ಇನ್ನಷ್ಟು ಇಕ್ಕಟ್ಟು ಮಾಡಬಾರದು. ಈ ಜೋಡಿಯನ್ನು ಮತ್ತೆ ಸೇರಿಸಬೇಡಿ ಅಂದಿದ್ದು ಇದಕ್ಕೇ. ಈಗ ಆಗಿದ್ದು ಗೊತ್ತಿಲ್ಲದೆ ಆಯಿತು. ಬಂದಿರುವ ಮೊಟ್ಟೆಗಳಲ್ಲಿ ಕೆಲವನ್ನು ಸಾಕುವುದರಲ್ಲಿ ತಪ್ಪಿಲ್ಲ. ಬಹಳಷ್ಟು ಮರಿಗಳು ಗಟ್ಟಿಯಾಗಿಯೇ ಬರಬಹುದು. ಆದರೆ ಯಾರಿಗೆ ಕೊಟ್ಟರೂ ಇವು ಒಡಹುಟ್ಟುಗಳ ಮರಿ, ಇವುಗಳಿಂದ ಮುಂದೆ ಮರಿ ಮಾಡಿಸಬೇಡಿ ಅಂತ ಹೇಳಿಯೇ ಕೊಡಿ.

ಎಷ್ಟು ಸಾಕಬಹುದು

20. ಕೈ ತುಂಬ ಬಿಡುವು ಇದ್ದರೆ 30. ಅದಕ್ಕಿಂತ ಜಾಸ್ತಿ ಬೇಡ.

ಲೆಕ್ಕ ಹೀಗಿದೆ. ಮರಿಗಳು ಒಂದು ಹಂತಕ್ಕೆ ಬಂದ ಮೇಲೆ ಒಂದೊಂದಕ್ಕೂ ಬೇರೆ ಡಬ್ಬಿ ಬೇಕಾಗುತ್ತದೆ. ದಿನಾ ಒಂದು ಡಬ್ಬಿಯ ನೀರು ಚೆಲ್ಲಿ, ಕಸ ತೆಗೆದು, ಹೊಸ ನೀರು ತುಂಬಿ, ಊಟ ಹಾಕಲು ಒಂದೇ ನಿಮಿಷ ಅಂತ ಇಟ್ಟುಕೊಳ್ಳಿ. 30 ಮರಿಗೆ ಅರ್ಧ ಗಂಟೆ. 400 ಮರಿಗೆ ಆರೂವರೆ ಗಂಟೆಗೂ ಮೇಲೆ, ಒಂದು ದಿನವೂ ತಪ್ಪದೆ, ಎರಡು ಮೂರು ತಿಂಗಳು. ಇಷ್ಟು ಮಾಡಲಾಗದೆ ಕೈಬಿಟ್ಟಾಗ ಆಗುವುದೇನು ಗೊತ್ತಾ? ನೀರು ಕೆಟ್ಟು, ಹಸಿದು, ಒಂದನ್ನೊಂದು ತಿಂದು, ನೂರಾರು ಮರಿಗಳು ನಿಧಾನವಾಗಿ ಸಾಯುತ್ತವೆ. ನಾನು ಹೊಸದರಲ್ಲಿ ಒಮ್ಮೆ 150 ಮರಿ ಉಳಿಸಿಕೊಂಡಿದ್ದೆ. ಮೂರನೇ ವಾರದಲ್ಲಿ ಜ್ವರ ಬಂದು ಎರಡು ದಿನ ಮಲಗಿದೆ. ಎದ್ದು ನೋಡಿದಾಗ 60 ಕೂಡ ಉಳಿದಿರಲಿಲ್ಲ. ಆ ಟಬ್ಬಿನ ವಾಸನೆ ಇನ್ನೂ ಮರೆತಿಲ್ಲ.

ಹಾಗಾದರೆ ಉಳಿದ ಮೊಟ್ಟೆಗಳನ್ನು ಏನು ಮಾಡುವುದು? ಫ್ರೀಜರಿನಲ್ಲಿಡಿ. ಸ್ವಲ್ಪ ನೀರಿನ ಜೊತೆ ಡಬ್ಬಿಗೆ ಹಾಕಿ ಎರಡು ದಿನ ಪೂರ್ತಿ ಗಟ್ಟಿಯಾಗಲು ಬಿಟ್ಟು, ಆಮೇಲೆ ಮಣ್ಣಿಗೆ ಹಾಕಿ. ಕೇಳಲು ಕಠಿಣ ಅನ್ನಿಸುತ್ತದೆ. ಆದರೆ ಮೂರನೇ ದಿನದ ಮೊಟ್ಟೆಯೊಳಗೆ ಇನ್ನೂ ಮರಿ ಅನ್ನುವ ರೂಪ ಇಲ್ಲ, ಬೆನ್ನಿನ ಗೆರೆ ಈಗಷ್ಟೇ ಮೂಡುತ್ತಿರುತ್ತದೆ. ದಿನ ಕಳೆದಷ್ಟೂ ನಿಮಗೂ ಕಷ್ಟ, ಒಳಗಿನ ಜೀವಕ್ಕೂ ಕಷ್ಟ. ಇವತ್ತು ನಾಳೆಯೊಳಗೆ ತೀರ್ಮಾನ ಮಾಡಿ. ಮೊಟ್ಟೆಯಿಂದ ಹೊರಬಂದ ಮರಿಗಳನ್ನು ಯಾವ ಕಾರಣಕ್ಕೂ ಫ್ರೀಜರಿಗೆ ಹಾಕಬಾರದು. ಅಂಥ ಸಂದರ್ಭ ಬಂದರೆ ಅದು ಪಶುವೈದ್ಯರ ಕೆಲಸ. ಮೊಟ್ಟೆಗಳನ್ನು ಟ್ಯಾಂಕಿನಲ್ಲೇ ಬಿಟ್ಟರೆ ದೊಡ್ಡವು ತಿನ್ನುತ್ತವೆ, ಕೆಲವರು ಹಾಗೂ ಮಾಡುತ್ತಾರೆ. ಆದರೆ ಎಲ್ಲವನ್ನೂ ತಿನ್ನುವುದಿಲ್ಲ. ಗಿಡದ ಸಂದಿಯಲ್ಲಿ ಉಳಿದವು ಮರಿಯಾಗಿ ಫಿಲ್ಟರಿಗೆ ಸಿಕ್ಕಿ ಸಾಯುತ್ತವೆ. ನನಗೆ ಆ ದಾರಿ ಇಷ್ಟವಿಲ್ಲ.

ಇಟ್ಟುಕೊಳ್ಳುವ ಮೊಟ್ಟೆಗಳಿಗೆ

ಸುಮಾರು 40 ಮೊಟ್ಟೆ ಆರಿಸಿ, ಕೆಲವು ಹೇಗೂ ನಿಲ್ಲುವುದಿಲ್ಲ. ಎಲೆಗೆ ಅಂಟಿದ್ದರೆ ಎಲೆ ಸಮೇತ ಕತ್ತರಿಸಿ. ಗಾಜಿಗೆ ಅಂಟಿದ್ದನ್ನು ಬೆರಳಿನಿಂದ ಮೆಲ್ಲಗೆ ಉರುಳಿಸಿ ಬಿಡಿಸಿ. ಸುತ್ತಲಿನ ಜೆಲ್ಲಿ ಗಟ್ಟಿ ಇರುತ್ತದೆ, ಹೆದರಬೇಡಿ. ಬೇರೆ ಟಬ್ಬಿನಲ್ಲಿ ಕ್ಲೋರಿನ್ ಇಲ್ಲದ ನೀರು ಹಾಕಿ, ಗಾಳಿಯ ಗುಳ್ಳೆ ನಿಧಾನವಾಗಿ ಏಳುವ ಹಾಗೆ ಇಡಿ. ಬೆಳ್ಳಗಾಗಿ ಹತ್ತಿಯಂಥ ನಾರು ಬಂದ ಮೊಟ್ಟೆಯನ್ನು ಕಂಡ ತಕ್ಷಣ ತೆಗೆಯಿರಿ. ಅದು ಬೂಷ್ಟು, ಪಕ್ಕದ ಮೊಟ್ಟೆಗೂ ಹಬ್ಬುತ್ತದೆ.

ನೀರು 20 ಡಿಗ್ರಿ ಸೆಲ್ಸಿಯಸ್ ಹತ್ತಿರ ಇದ್ದರೆ ಎರಡರಿಂದ ಎರಡೂವರೆ ವಾರದಲ್ಲಿ ಮರಿ ಬರುತ್ತವೆ. ಇನ್ನೂ ತಂಪಾಗಿದ್ದರೆ ಮೂರು ವಾರ. ಬೇಗ ಬರಲಿ ಅಂತ ಬಿಸಿ ಮಾಡಬೇಡಿ. ಈಗ ಸಾಸಿವೆ ಕಾಳಿನಷ್ಟಿರುವ ಕಪ್ಪು ಚುಕ್ಕಿ ಇನ್ನೊಂದೆರಡು ದಿನದಲ್ಲಿ ಹುರುಳಿ ಕಾಳಿನ ಹಾಗೆ ಬಾಗುತ್ತದೆ. ಆಮೇಲೆ ಬಾಲ, ಕತ್ತಿನ ಪಕ್ಕ ಕಿವಿರಿನ ಮೊಗ್ಗು. ಎರಡನೇ ವಾರದಲ್ಲಿ ಟಾರ್ಚ್ ಹಿಡಿದರೆ ಒಳಗೇ ಮಗ್ಗಲು ಬದಲಿಸುವುದು ಕಾಣುತ್ತದೆ.

ಹೊರಬಂದ ಮರಿ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಉದ್ದ. ಕಾಲಿಲ್ಲ. ಮೊದಲ ಎರಡು ಮೂರು ದಿನ ತಳದಲ್ಲಿ ಸುಮ್ನೆ ಬಿದ್ದಿರುತ್ತದೆ. ಸತ್ತಿದೆ ಅಂದುಕೊಳ್ಳಬೇಡಿ, ಹೊಟ್ಟೆಯಲ್ಲಿ ಉಳಿದ ಹಳದಿಯನ್ನು ಕರಗಿಸಿಕೊಳ್ಳುತ್ತಿರುತ್ತದೆ. ಆ ಮೇಲೆ ಹಸಿವು ಶುರುವಾಗುತ್ತದೆ. ಮರಿ ಸಾಕುವವರಲ್ಲಿ ಹೆಚ್ಚಿನವರು ಸೋಲುವುದು ಇಲ್ಲೇ.

ಎಳೆಯ ಮರಿ ಅಲುಗಾಡುವುದನ್ನು ಮಾತ್ರ ತಿನ್ನುತ್ತದೆ. ಎದುರಿಗೆ ಏನಾದರೂ ಮಿಸುಕಿದರೆ ಬಾಯಿ ಹಾಕುತ್ತದೆ, ಇಲ್ಲದಿದ್ದರೆ ಇಲ್ಲ. ಪುಡಿ ಆಹಾರ, ಮೊಟ್ಟೆಯ ಹಳದಿ, ಮೀನಿನ ಕಾಳು ಯಾವುದನ್ನು ಹಾಕಿದರೂ ಅದು ನೀರು ಕೆಡಿಸುತ್ತದೆ ಅಷ್ಟೇ, ಮರಿ ಹಸಿದೇ ಸಾಯುತ್ತದೆ. ಬೇಕಾಗಿರುವುದು ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ. ಬ್ರೈನ್ ಶ್ರಿಂಪ್ ಅಂತಲೂ ಕರೆಯುತ್ತಾರೆ, ಉಪ್ಪು ನೀರಿನ ಸಣ್ಣ ಸಿಗಡಿ. ಒಣ ಮೊಟ್ಟೆಗಳ ರೂಪದಲ್ಲಿ ಡಬ್ಬಿಯಲ್ಲಿ ಸಿಗುತ್ತದೆ. ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಉಪ್ಪು ಕರಗಿಸಿ, ಒಂದು ಚಿಟಿಕೆ ಆರ್ಟೀಮಿಯಾ ಮೊಟ್ಟೆ ಹಾಕಿ, ಜೋರಾಗಿ ಗಾಳಿಗುಳ್ಳೆ ಏಳಿಸಿ, ಬೆಳಕಿನಲ್ಲಿ ಇಡಿ. ಈ ಬಾಟಲಿ ಮಾತ್ರ ಬೆಚ್ಚಗಿರಬೇಕು, 26ರಿಂದ 28 ಡಿಗ್ರಿ. 24ರಿಂದ 36 ಗಂಟೆಯಲ್ಲಿ ಮರಿಯಾಗುತ್ತವೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಖಾಲಿ ಚಿಪ್ಪು ಮೇಲೆ ತೇಲುತ್ತದೆ. ಬಾಟಲಿಯ ಬುಡಕ್ಕೆ ಟಾರ್ಚ್ ಹಿಡಿದರೆ ಕಿತ್ತಳೆ ಬಣ್ಣದ ಮೋಡದ ಹಾಗೆ ಮರಿಗಳೆಲ್ಲ ಅಲ್ಲಿಗೆ ಬಂದು ಸೇರುತ್ತವೆ. ಸಣ್ಣ ಪೈಪಿನಲ್ಲಿ ಎಳೆದು, ತೆಳು ಬಟ್ಟೆಯಲ್ಲಿ ಸೋಸಿ, ಉಪ್ಪು ಹೋಗುವ ಹಾಗೆ ತೊಳೆದು ಹಾಕಿ.

ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಎರಡು ಬಾಟಲಿ ಇಟ್ಟುಕೊಂಡು ಒಂದು ದಿನ ಬಿಟ್ಟು ಒಂದು ದಿನ ಶುರು ಮಾಡಿದರೆ ಆಹಾರ ತಪ್ಪುವುದಿಲ್ಲ. ತಿಂದಿದೆಯಾ ಇಲ್ಲವಾ ಅಂತ ಊಹಿಸಬೇಕಿಲ್ಲ. ಮರಿಯ ಮೈ ಗಾಜಿನ ಹಾಗೆ ಇರುತ್ತದೆ. ಹೊಟ್ಟೆ ತುಂಬಿದ ಮರಿಯ ಒಳಗೆ ದುಂಡನೆಯ ಕಿತ್ತಳೆ ಹೊಟ್ಟೆ ಎದ್ದು ಕಾಣುತ್ತದೆ. ನಾನು ಈಗಲೂ ಬೆಳಗ್ಗೆ ಎದ್ದು ಮೊದಲು ನೋಡುವುದು ಅದನ್ನೇ. ಯಾವ ಮರಿಯ ಹೊಟ್ಟೆ ಖಾಲಿ ಕಾಣುತ್ತದೋ ಅದನ್ನು ಬೇರೆ ಬಟ್ಟಲಿಗೆ ತೆಗೆದು, ಎದುರಿಗೇ ಆಹಾರ ಬಿಟ್ಟು ನೋಡಿ.

ತಿನ್ನದೆ ಉಳಿದ ಆರ್ಟೀಮಿಯಾ ಸಿಹಿ ನೀರಿನಲ್ಲಿ ಕೆಲವೇ ಗಂಟೆಯಲ್ಲಿ ಸತ್ತು ಕೊಳೆಯುತ್ತದೆ. ಅದಕ್ಕೇ ದಿನಾ ಪೂರ್ತಿ ನೀರು ಬದಲಾಯಿಸಬೇಕು. ಫಿಲ್ಟರ್ ಇಟ್ಟರೆ ಮರಿಗಳನ್ನೇ ಎಳೆದುಕೊಂಡುಬಿಡುತ್ತದೆ, ಈ ವಯಸ್ಸಿಗೆ ಬೇಡ.

ಎರಡು ಸೆಂಟಿಮೀಟರ್ ದಾಟಿದ ಮೇಲೆ ಡ್ಯಾಫ್ನಿಯಾ ಎಂಬ ಸಿಹಿ ನೀರಿನ ಪುಟ್ಟ ಜೀವಿ, ಸಣ್ಣಗೆ ಕತ್ತರಿಸಿದ ಹುಳು ಕೊಡಬಹುದು. ಹೆಚ್ಚುಕಡಿಮೆ ಐದು ಸೆಂಟಿಮೀಟರ್ ಆಗುವ ಹೊತ್ತಿಗೆ ವಾಸನೆ ಹಿಡಿದು ತಿನ್ನಲು ಕಲಿತಿರುತ್ತವೆ, ಆಗ ಮೆತ್ತನೆಯ ಸಣ್ಣ ಕಾಳು ಆಹಾರ ನಡೆಯುತ್ತದೆ. ಮುಂದೆ ಎರೆಹುಳುವಿನ ತುಂಡು.

ಕಚ್ಚಿದರೆ ಮತ್ತೆ ಬೆಳೆಯುತ್ತದೆ, ನಿಜ. ಆದರೆ…

ನಿಮ್ಮ ಗೆಳೆಯರ ಮಾತಿನಲ್ಲಿ ಅರ್ಧ ಸತ್ಯ ಇದೆ. ಆಕ್ಸೊಲಾಟಲ್‌ಗೆ ಕಾಲು, ಬಾಲ, ಕಿವಿರು ಮತ್ತೆ ಬೆಳೆಯುತ್ತದೆ. ವಿಜ್ಞಾನಿಗಳು ಇದನ್ನು ಇಷ್ಟು ವರ್ಷ ಬಿಡದೆ ಅಭ್ಯಾಸ ಮಾಡುತ್ತಿರುವುದೇ ಅದಕ್ಕೆ. ಎಳೆಯ ಮರಿಗೆ ಕೆಲವೇ ವಾರದಲ್ಲಿ ಹೊಸ ಕಾಲು ಬರುತ್ತದೆ, ದೊಡ್ಡದಕ್ಕೆ ತಿಂಗಳುಗಟ್ಟಲೆ ಬೇಕು.

ಆದರೆ ಮರಿಗಳು ಒಂದೇ ಸಲ ಕಚ್ಚಿ ಸುಮ್ಮನಾಗುವುದಿಲ್ಲ. ಮುಂಗಾಲು ಮೂಡುವ ಹೊತ್ತಿಗೆ ಶುರುವಾಗುತ್ತದೆ. ಪಕ್ಕದ ಮರಿಯ ಕಾಲು ಮಿಸುಕಿತು, ಆಹಾರ ಅಂದುಕೊಂಡು ಬಾಯಿ ಹಾಕಿತು. ಅದರಲ್ಲಿ ಸಿಟ್ಟೇನೂ ಇಲ್ಲ. ಅರ್ಧ ಬೆಳೆದ ಕಾಲನ್ನು ಮತ್ತೆ ಕಚ್ಚಿದರೆ ಅದು ಸೊಟ್ಟಗೆ ಬೆಳೆಯಬಹುದು, ಬೆರಳು ಹೆಚ್ಚು ಕಡಿಮೆ ಆಗಬಹುದು. ಗಾಯಕ್ಕೆ ಬೂಷ್ಟು ಹಿಡಿಯುತ್ತದೆ. ಕಿವಿರು ಪೂರ್ತಿ ಹೋದರೆ ಉಸಿರಿಗೆ ಕಷ್ಟ. ತಲೆಗೋ ಹೊಟ್ಟೆಗೋ ಬಾಯಿ ಬಿದ್ದರೆ ಮುಗಿಯಿತು. ಜೊತೆಗೆ, ಬೆಳೆಯಬೇಕಾದ ವಯಸ್ಸಿನ ಶಕ್ತಿಯೆಲ್ಲ ರಿಪೇರಿಗೆ ಹೋಗಿ ಮರಿ ಗಿಡ್ಡಾಗಿಯೇ ಉಳಿಯುತ್ತದೆ.

ಹಾಗಾಗಿ ಮುಂಗಾಲು ಕಂಡ ದಿನದಿಂದ ಗಾತ್ರ ನೋಡಿ ಬೇರೆ ಬೇರೆ ಮಾಡಿ. ದೊಡ್ಡವನ್ನು ಸಣ್ಣವುಗಳ ಜೊತೆ ಬಿಡಬೇಡಿ. ಒಂದೊಂದಕ್ಕೆ ಒಂದೊಂದು ಡಬ್ಬಿ ಆದರೆ ತುಂಬ ಒಳ್ಳೆಯದು. ಸುಮಾರು ಐದು ಸೆಂಟಿಮೀಟರ್ ದಾಟಿ ನಾಲ್ಕು ಕಾಲೂ ಬಲಿತ ಮೇಲೆ ಕಚ್ಚುವುದು ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲುವುದಿಲ್ಲ, ಹೊಟ್ಟೆ ತುಂಬಿಸಿ ಇಡಬೇಕು.

ಅಯೋಡಿನ್ ಬೇಡ, ಕೆರೆಯೂ ಬೇಡ

ಅಯೋಡಿನ್ ವಿಷಯದಲ್ಲಿ ನಾನು ಮೆತ್ತಗೆ ಮಾತಾಡುವುದಿಲ್ಲ. ಹಾಕಬೇಡಿ.

ಕಪ್ಪೆಯ ಗೊದಮೊಟ್ಟೆ ಕಪ್ಪೆ ಆಗುವುದು ಥೈರಾಯ್ಡ್ ಹಾರ್ಮೋನಿನಿಂದ. ಆಕ್ಸೊಲಾಟಲ್‌ಗೂ ಥೈರಾಯ್ಡ್ ಗ್ರಂಥಿ ಇದೆ. ಆದರೆ ಅದಕ್ಕೆ ಕೆಲಸ ಮಾಡು ಅಂತ ಮೆದುಳಿನ ಕಡೆಯಿಂದ ಬರಬೇಕಾದ ಸಂಕೇತ ಸಾಕಷ್ಟು ಬರುವುದಿಲ್ಲ. ಅದಕ್ಕೇ ಕಿವಿರು ಇಟ್ಟುಕೊಂಡು, ನೀರಿನಲ್ಲೇ ಇದ್ದು, ಮರಿಯ ರೂಪದಲ್ಲೇ ಪ್ರಾಯಕ್ಕೆ ಬರುತ್ತದೆ. ಹೊರಗಿನಿಂದ ಹಾರ್ಮೋನ್ ಕೊಟ್ಟರೆ ರೂಪ ಬದಲಾಗುತ್ತದೆ ಅನ್ನುವುದು ಹೊಸದೇನಲ್ಲ. 1920ರಲ್ಲೇ ಜೂಲಿಯನ್ ಹಕ್ಸ್‌ಲಿ ಥೈರಾಯ್ಡ್ ಗ್ರಂಥಿ ತಿನ್ನಿಸಿ ಮಾಡಿ ತೋರಿಸಿದ್ದರು. ಪ್ರಯೋಗಾಲಯದಲ್ಲಿ ಅಳತೆ ಮಾಡಿ ಕೊಡುವುದು ಬೇರೆ, ಟ್ಯಾಂಕಿಗೆ ಅಯೋಡಿನ್ ಸುರಿಯುವುದು ಬೇರೆ. ಬಹಳಷ್ಟು ಮರಿಗಳು ವಿಷವೇರಿ ಸಾಯುತ್ತವೆ. ಬದಲಾವಣೆಯ ಮಧ್ಯದಲ್ಲಿ, ಕಿವಿರು ಕರಗಿ ಶ್ವಾಸಕೋಶ ಇನ್ನೂ ಸಜ್ಜಾಗದೆ ಇರುವಾಗ ಇನ್ನಷ್ಟು ಸಾಯುತ್ತವೆ. ಉಳಿದವೂ ಸಾಮಾನ್ಯವಾಗಿ ಹೆಚ್ಚು ಕಾಲ ಬಾಳುವುದಿಲ್ಲ.

ಕೆರೆಗೂ ಬಿಡಬೇಡಿ. ನೀರು 24 ಡಿಗ್ರಿ ದಾಟಿದರೆ ಆಕ್ಸೊಲಾಟಲ್‌ಗೆ ಸಂಕಟ ಶುರು. ಬೆಚ್ಚಗಿನ ಕೆರೆಯಲ್ಲಿ ಅದು ನರಳಿ ಸಾಯುತ್ತದೆ. ತಂಪಾದ ಕೆರೆಯಲ್ಲಿ ಬದುಕಿಕೊಂಡರೆ ಅಲ್ಲಿನ ಕಪ್ಪೆ, ಮೀನಿನ ಮರಿಗಳನ್ನು ತಿನ್ನುತ್ತದೆ. ಎಲ್ಲಕ್ಕಿಂತ ದೊಡ್ಡ ಭಯ ರೋಗದ್ದು. ಕೈಟ್ರಿಡ್ ಅನ್ನುವ ಶಿಲೀಂಧ್ರ ಜಗತ್ತಿನಾದ್ಯಂತ ಕಪ್ಪೆಗಳನ್ನು ಕೊಂದಿದೆ. ಆಕ್ಸೊಲಾಟಲ್ ಕಣ್ಣಿಗೆ ಆರೋಗ್ಯವಾಗಿ ಕಾಣುತ್ತಲೇ ಅದನ್ನು ಹೊತ್ತಿರಬಹುದು. ಇದೇ ಕಾರಣಕ್ಕೆ ಟ್ಯಾಂಕಿನ ಹಳೆ ನೀರನ್ನೂ ಕೆರೆ, ತೊರೆಗೆ ಚೆಲ್ಲಬೇಡಿ.

ಬೆಳೆದ ಮರಿಗಳನ್ನು ಎಲ್ಲಿ ಕೊಡುವುದು

ಇದನ್ನು ಮರಿ ಬರುವ ಮೊದಲೇ ಯೋಚಿಸಿ. ಒಂದು ದೊಡ್ಡ ಆಕ್ಸೊಲಾಟಲ್‌ಗೆ ಸುಮಾರು 100 ಲೀಟರ್ ನೀರಾದರೂ ಬೇಕು. ಅದು 16ರಿಂದ 18 ಡಿಗ್ರಿಯಲ್ಲಿ ವರ್ಷಪೂರ್ತಿ ಇರಬೇಕು. ಮಲ, ಕೊಳೆತ ಆಹಾರದಿಂದ ನೀರಿಗೆ ಸೇರುವ ವಿಷ, ಅಂದರೆ ಅಮೋನಿಯಾ, ನೈಟ್ರೈಟ್ ಸೊನ್ನೆ ಇರಬೇಕು. ಹೊಸ ಟ್ಯಾಂಕಿನಲ್ಲಿ ಅದನ್ನು ತಿನ್ನುವ ಬ್ಯಾಕ್ಟೀರಿಯಾ ಕುದುರಲು ನಾಲ್ಕರಿಂದ ಎಂಟು ವಾರ ಹಿಡಿಯುತ್ತದೆ. ತಳಕ್ಕೆ ಜಲ್ಲಿ ಹಾಕುವ ಹಾಗಿಲ್ಲ, ನುಂಗಿ ಕರುಳಿಗೆ ಸಿಕ್ಕಿಕೊಳ್ಳುತ್ತದೆ. ಇಷ್ಟಕ್ಕೂ ಒಪ್ಪಿ, ಟ್ಯಾಂಕ್ ಸಿದ್ಧ ಮಾಡಿಕೊಂಡು ಬರುವವರು ನಿಮಗೆ ಎಷ್ಟು ಜನ ಗೊತ್ತು? ಐದೇ ಜನ ಅಂದರೆ 20 ಮೊಟ್ಟೆಯೂ ಜಾಸ್ತಿ, 10 ಇಟ್ಟುಕೊಳ್ಳಿ. ಮರಿ ಏಳೆಂಟು ಸೆಂಟಿಮೀಟರ್ ಆಗುವ ಮೊದಲು ಯಾರಿಗೂ ಕೊಡಬೇಡಿ. ಕೆಲವು ಕಡೆ ಆಕ್ಸೊಲಾಟಲ್ ಸಾಕಲು ಅನುಮತಿ ಬೇಕು, ಕೆಲವು ಕಡೆ ಸಾಕುವಂತೆಯೇ ಇಲ್ಲ. ಕೊಡುವ ಮೊದಲು ನಿಮ್ಮಲ್ಲಿನ ಕಾನೂನು ತಿಳಿದುಕೊಳ್ಳಿ. ದೇಶದ ಗಡಿ ದಾಟಿಸುವುದಾದರೆ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಕಾಗದಪತ್ರವೂ ಬೇಕು.

ಮಾರಿ ಖರ್ಚು ಹುಟ್ಟಿಸಿಕೊಳ್ಳಬಹುದು ಅಂತ ಯಾರಾದರೂ ಹೇಳಿದರೆ, ಆರ್ಟೀಮಿಯಾ, ಡಬ್ಬಿ, ನೀರು ತಂಪು ಮಾಡುವ ಖರ್ಚು, ಮೂರು ತಿಂಗಳ ನಿಮ್ಮ ಸಮಯ, ಎಲ್ಲ ಸೇರಿಸಿ ಲೆಕ್ಕ ಹಾಕಿ ನೋಡಿ.

ಮರಿ ಬರಲು ಇನ್ನೂ ಹತ್ತು ಹನ್ನೆರಡು ದಿನ ಇದೆ. ಅಷ್ಟರೊಳಗೆ ಆರ್ಟೀಮಿಯಾ ತಂದು ಒಂದು ಬಾಟಲಿ ಸುಮ್ನೆ ಮಾಡಿ ನೋಡಿ, ಮೊದಲ ಸಲ ಬಹಳ ಜನರಿಗೆ ಕೆಡುತ್ತದೆ. ತಾಯಿಯ ಕಡೆಯೂ ಗಮನ ಇರಲಿ. ಕಿವಿರು ಮುಂದಕ್ಕೆ ಬಾಗಿದರೆ, ಬಾಲದ ತುದಿ ಸುರುಳಿ ಸುತ್ತಿದರೆ, ಮೂರು ನಾಲ್ಕು ದಿನ ಊಟ ಮುಟ್ಟದಿದ್ದರೆ ಮೊದಲು ನೀರು ಪರೀಕ್ಷೆ ಮಾಡಿ. ನೀರು ಸರಿಯಿದ್ದೂ ಅದು ಹಾಗೇ ಇದ್ದರೆ, ಅಥವಾ ಹೊಟ್ಟೆ ಇನ್ನೂ ಉಬ್ಬಿಕೊಂಡೇ ಇದ್ದರೆ, ಉಭಯಚರಗಳನ್ನು ನೋಡುವ ಪಶುವೈದ್ಯರಿಗೆ ತೋರಿಸಿ. ಮೊಟ್ಟೆ ಒಳಗೇ ಉಳಿದುಕೊಂಡಿರಬಹುದು.